ಓಬಳೇಶಪ್ಪ ಮೇಸ್ತ್ರಿಯ ಭಂಡಾರ

ಕೊಟ್ಟೂರಿನಲ್ಲಿ ಡೀಸೆಲ್ ಗಾಡಿ ಕೆಟ್ಟರೆ ಓಬಳೇಶಪ್ಪ ಮೇಸ್ತ್ರಿಯ ಹತ್ತಿರ ಒಯ್ಯಬೇಕು ಎಂಬುದನ್ನು ಒಂದು ಕಾಲಕ್ಕೆ ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಕೂಡ್ಲಿಗಿ ರಸ್ತೆಯಲ್ಲೊಂದು ಬೇವಿನ ಮರ, ಅದರ ಕೆಳಗೆ ತಗಡಿನ ಚಪ್ಪರ, ಎಣ್ಣೆ ಕುಡಿದು ಕಪ್ಪಾದ ನೆಲ. ಅದೇ ಅವನ ಗ್ಯಾರೇಜು. ಬೋರ್ಡು ಗೀರ್ಡು ಇರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಿಂತನೆಂದರೆ ಯಾವ ಸಿಲಿಂಡರು ಸೋತಿದೆ ಎಂದು ಹೇಳಿಬಿಡುತ್ತಿದ್ದ. ಕೆಲಸ ಮುಗಿದ ಮೇಲೆ ಅಂಗಿಯ ಜೇಬಿನಿಂದ ಮೈಲಾರದ ಭಂಡಾರದ ಪೊಟ್ಟಣ ತೆಗೆದು, ಡೀಸೆಲ್ ಟ್ಯಾಂಕಿನ ಮುಚ್ಚಳ ಬಿಚ್ಚಿ, ಆ ಅರಿಶಿನದ ಪುಡಿಯನ್ನು ಒಂದು ಚಿಟಿಕೆ ಒಳಗೆ ಉದುರಿಸಿ "ಏಳು ಕೋಟಿಗೋ" ಎಂದು ಮೈಲಾರಲಿಂಗನಿಗೆ ಜಯಕಾರ ಹಾಕುತ್ತಿದ್ದ. ಮನುಷ್ಯರಿಗೆ ಹಣೆಗೆ ಹಚ್ಚಬೇಕು, ಗಾಡಿಗೆ ಹೊಟ್ಟೆಗೇ ಹಾಕಬೇಕು ಎಂಬುದು ಅವನ ಶಾಸ್ತ್ರ. ಅದನ್ನು ಹಾಕಿಸಿಕೊಳ್ಳದೆ ಗಿರಾಕಿಗಳು ಗಾಡಿ ಹೊರಗೆ ತೆಗೆಯುತ್ತಿರಲಿಲ್ಲ.

ಅಮರೇಶ ಇದೇ ಬೇವಿನ ಮರದ ಕೆಳಗೆ ಕೆಲಸ ಕಲಿತವನು. ಗ್ರೀಸಿನ ಕೈಯಲ್ಲೇ ಮೇಸ್ತ್ರಿಯ ಹೆಂಡತಿ ಮಾಳಮ್ಮ ಕೊಟ್ಟ ರೊಟ್ಟಿ ತಿಂದವನು. ಮದುವೆಯಾದ ಮೇಲೆ ಬಸ್ ಸ್ಟ್ಯಾಂಡಿನ ಹತ್ತಿರ ಸ್ವಂತ ಗ್ಯಾರೇಜು ಹಾಕಿದ. ಸಿಮೆಂಟಿನ ನೆಲ, ಗೋಡೆಗೆ ಸಾಲಾಗಿ ತೂಗುಹಾಕಿದ ಪಾನಾಗಳು, ಕೆಂಪು ಅಕ್ಷರದ ಬೋರ್ಡು. ಪೂಜೆಯ ದಿನ ಓಬಳೇಶಪ್ಪನೂ ಹೋಗಿ, ಪೇಡೆ ತಿಂದು, ಬೆನ್ನು ತಟ್ಟಿ ಬಂದ. ಆ ಪೇಡೆ ಇವತ್ತಿಗೂ ಅವನಿಗೆ ಕರಗಿಲ್ಲ. ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಇನ್ನೊಂದು ಹೆಸರಿಟ್ಟು ಮರ್ಯಾದೆ ಕೊಡುವುದು ಬೇಡ. ಎಲೆ ಅಡಿಕೆ ತರುತ್ತೇನೆಂದು ಬಸ್ ಸ್ಟ್ಯಾಂಡಿನ ತನಕ ನಡೆದುಹೋಗುತ್ತಿದ್ದ. ಎಲೆ ಅಡಿಕೆ ಪಕ್ಕದ ಅಂಗಡಿಯಲ್ಲೇ ಸಿಗುತ್ತಿತ್ತು. ಅಲ್ಲಿ ಯಾರ ಗಾಡಿ ನಿಂತಿದೆ ಎಂದು ಓರೆಗಣ್ಣಿನಲ್ಲಿ ನೋಡಿಕೊಂಡು ಬಂದು, ಊಟಕ್ಕೆ ಕೂತಾಗ ಸಾರಿನಲ್ಲಿ ಉಪ್ಪಿಲ್ಲ ಎಂದು ಜಗಳ ತೆಗೆಯುತ್ತಿದ್ದ. ಮಾಳಮ್ಮನಾದರೋ ಶೇಂಗಾ ಚಟ್ನಿ ಕುಟ್ಟಿದಾಗಲೆಲ್ಲ ಅಮರೇಶನಿಗೆ ಒಂದು ಡಬ್ಬಿ ಕಳಿಸುವುದನ್ನು ಬಿಟ್ಟಿರಲಿಲ್ಲ.

"ಅವನಿಗ್ಯಾಕ ಚಟ್ನಿ? ಅವನಿಗೇನು ಹೆಂಡ್ತಿ ಇಲ್ಲೇನು?" ಎಂದರೆ, "ಕಲಿಸಿದೋರು ನೀವು, ಉಣಿಸಿದಾಕಿ ನಾನು. ನಿಮ್ಮದು ಮುಗದಿರಬೌದು, ನಂದು ಮುಗದಿಲ್ಲ" ಎನ್ನುತ್ತಿದ್ದಳು.

ಅಮರೇಶ ಟ್ಯಾಂಕಿಗೆ ಭಂಡಾರ ಹಾಕುವುದಿಲ್ಲ, ಕೈಮುಗಿದು ಬಾನೆಟ್ಟಿಗೆ ಒಂದು ಬೊಟ್ಟು ಇಡುತ್ತಾನೆ ಎಂಬ ಸುದ್ದಿ ಬಂದಾಗ ಓಬಳೇಶಪ್ಪನಿಗೆ ಜೀವ ಬಂದ ಹಾಗಾಯಿತು. ಅಲ್ಲಿಗೆ ತನ್ನ ಗ್ಯಾರೇಜಿನಲ್ಲಿದ್ದು ಅವನಲ್ಲಿಲ್ಲದ್ದು ಒಂದಾದರೂ ಉಳಿಯಿತಲ್ಲ. ಆವತ್ತಿನಿಂದ ಚಿಟಿಕೆ ಇದ್ದದ್ದು ಹಿಡಿಯಾಯಿತು. ಗಿರಾಕಿ ನೋಡುವ ಹಾಗೆ ಕೈ ಎತ್ತಿ, ಪುಡಿ ಗಾಳಿಗೆ ಹಾರುವ ಹಾಗೆ ಸುರಿಯತೊಡಗಿದ.

ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆಯಲ್ಲಿ ಶಿವಯೋಗಪ್ಪನವರ ಪಿಕಪ್ಪು ಬಂತು. ದನಕರುಗಳಿಗೆ ಹಾಕುವ ಶೇಂಗಾ ಹಿಂಡಿಯ ವ್ಯಾಪಾರ ಅವರದು. ಮಾತು ಕಮ್ಮಿ, ಊರಿನಲ್ಲಿ ತೂಕ ಜಾಸ್ತಿ. ಅವರ ಗಾಡಿ ಯಾವ ಗ್ಯಾರೇಜಿಗೆ ಹೋಗುತ್ತದೋ ಮಿಕ್ಕವರ ಗಾಡಿಗಳೂ ಅದೇ ದಾರಿ ಹಿಡಿಯುತ್ತವೆ. ಅಮರೇಶ ಅಂಗಡಿ ಹಾಕಿದ ಮೇಲೂ ಅವರು ಬೇವಿನ ಮರ ಬಿಟ್ಟಿರಲಿಲ್ಲ. ಓಬಳೇಶಪ್ಪನ ಹೆಸರು ನಿಂತಿದ್ದೇ ಆ ಹಳೆಯ ಪಿಕಪ್ಪಿನ ಮೇಲೆ.

"ಮೇಸ್ತ್ರಿ, ಖಾಲಿ ಇದ್ದಾಗ ಕುದುರಿ ಇದ್ದಂಗ ಓಡತೈತಿ. ಹಿಂಡಿ ಹೇರಿ ಗುಡೇಕೋಟಿ ಏರು ಹತ್ತಿಸಿದ್ರ ಮುಕ್ಕರೀತೈತಿ, ಮಿಸ್ಸಿಂಗ್ ಹೊಡೀತೈತಿ, ಆಮ್ಯಾಲ ಗಪ್ ಅಂತೈತಿ. ಸ್ವಲ್ಪ ಹೊತ್ತು ಬಿಟ್ಟು ಚಾವಿ ತಿರುವಿದ್ರ ಏನೂ ಆಗೇ ಇಲ್ಲ ಅನ್ನೋಹಂಗ ಹೊಂಡತೈತಿ ನೋಡ್ರಿ" ಎಂದರು.

ಓಬಳೇಶಪ್ಪ ಸ್ಕ್ರೂಡ್ರೈವರ್ ಕಿವಿಗಿಟ್ಟ. ಎಂಜಿನ್ನು ಓಡುತ್ತಿದ್ದಂತೆಯೇ ಒಂದೊಂದು ಸಿಲಿಂಡರಿನ ಡೀಸೆಲ್ ಪೈಪನ್ನೂ ಸಡಿಲಿಸಿ ನೋಡಿದ. ಮೂರನೆಯದನ್ನು ಸಡಿಲಿಸಿದಾಗ ಸದ್ದು ಅಷ್ಟಾಗಿ ಕುಗ್ಗಲಿಲ್ಲ. ಅದಕ್ಕೆ ಡೀಸೆಲ್ ಚಿಮ್ಮಿಸುವ ನಾಜಲ್ ಹೋಗಿದೆ ಎಂದು ಹೊಸದು ಹಾಕಿದ, ಒಂದು ಹಿಡಿ ಭಂಡಾರ ಸುರಿದು ಕಳಿಸಿದ. ಗಾಡಿ ಗುಡೇಕೋಟೆಯ ಏರಿನಲ್ಲಿ ಮತ್ತೆ ನಿಂತಿತು. ಪೈಪಿನಲ್ಲಿ ಗಾಳಿ ಹಿಡಿದಿದೆ ಎಂದು ವಾಷರ್‌ಗಳನ್ನೆಲ್ಲ ಬದಲಿಸಿದ, ಇನ್ನೊಂದು ಹಿಡಿ. ಮತ್ತೆ ನಿಂತಿತು. ಪಂಪನ್ನು ಬಿಚ್ಚಿ ಹೊಸಪೇಟೆಗೆ ಕಳಿಸಿ ಸರಿಮಾಡಿಸಿ ತಂದ, ಎರಡು ಹಿಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಅದೇ ಆಯಿತು. ಫಿಲ್ಟರ್ ಬಿಚ್ಚಿದಾಗ ಒಳಗೆ ಹಳದಿ ಕಂಡಿತ್ತು. ಕಂಡಿರಲಿಲ್ಲ ಎಂದು ಸುಳ್ಳು ಹೇಳುವುದು ಬೇಡ. ಬೇರೆ ಯಾವ ಮೇಸ್ತ್ರಿಯಾಗಿದ್ದರೂ ಅಲ್ಲೇ ಹುಬ್ಬು ಗಂಟಿಕ್ಕುತ್ತಿದ್ದ. ಓಬಳೇಶಪ್ಪ ಅದನ್ನು ಬೆರಳಿನಿಂದ ತೆಗೆದು ಕಣ್ಣಿಗೊತ್ತಿಕೊಂಡ. ದೇವರ ಭಂಡಾರ ಎಲ್ಲಿಯಾದರೂ ಗಾಡಿಗೆ ಅಡ್ಡ ಬಂದೀತೇ?

ಕೊನೆಗೆ ಶಿವಯೋಗಪ್ಪನವರು ಬಂದು ನಿಂತು, ನೆಲ ನೋಡುತ್ತ ಹೇಳಿದರು: "ಮೇಸ್ತ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಅಮರೇಶನ ಕೈಯಾಗ ಒಮ್ಮೆ ತೋರಸ್ತೀನಿ. ನಾಳೆ ಹಿಂಡಿ ಹೇರಿಕೊಂಡೇ ಏರಿಗೆ ಹೊಂಡೋಣು ಅಂದಾನ."

"ತೋರಸ್ರಿ, ಅದಕ್ಕೇನು" ಎಂದ ಓಬಳೇಶಪ್ಪ. ಆಮೇಲೆ ತಡೆಯಲಾರದೆ, "ನಾನೂ ಬರ್ತೀನಿ. ಏನ್ ಮಾಡ್ತಾನ ನೋಡೋಣು" ಎಂದ.

ಮಾರನೆಯ ಬೆಳಿಗ್ಗೆ ಅಮರೇಶ ಸ್ಟೇರಿಂಗ್ ಹಿಡಿದ, ಶಿವಯೋಗಪ್ಪನವರು ಪಕ್ಕದಲ್ಲಿ ಕೂತರು. "ನೀವು ಒಳಗ ಬರ್ರಿ ಮೇಸ್ತ್ರಿ, ನಾನು ಸರೀತೀನಿ" ಎಂದು ಅಮರೇಶ ಕರೆದರೂ ಓಬಳೇಶಪ್ಪ ಹಿಂದೆ ಹತ್ತಿ ಹಿಂಡಿ ಚೀಲಗಳ ಮೇಲೆ ಕೂತ. ದಾರಿಯುದ್ದಕ್ಕೂ ಜೇಬಿನ ಪೊಟ್ಟಣ ಮುಟ್ಟಿಕೊಂಡು ಬೇಡಿಕೊಂಡ: ಮೈಲಾರಲಿಂಗಪ್ಪಾ, ಗಾಡಿ ಏರಿನಲ್ಲಿ ನಿಲ್ಲಲಿ. ನಿಂತದ್ದು ಇವನ ಕೈಯಿಂದ ಏಳದಿರಲಿ. ನನಗೆ ಸಿಗದ್ದು ಇವನಿಗೂ ಸಿಗದಿದ್ದರೆ ನಿನ್ನ ಸನ್ನಿಧಿಗೆ ನಡೆದುಕೊಂಡು ಬರುತ್ತೇನೆ.

ದೇವರು ಅರ್ಧ ಕೇಳಿಸಿಕೊಂಡ. ಏರಿನ ನಡುವೆ ಗಾಡಿ ಮುಕ್ಕರಿಸಿತು, ಜಗ್ಗಿತು, ಕೆಮ್ಮಿ ನಿಂತಿತು. ಓಬಳೇಶಪ್ಪನ ಮೈಯೆಲ್ಲ ಹಗುರಾಯಿತು. ಶಿವಯೋಗಪ್ಪನವರು ಚಕ್ರಕ್ಕೆ ಕಲ್ಲು ಕೊಟ್ಟು, "ನೀವಿಬ್ರೂ ನೋಡ್ರಪ" ಎಂದು ದೂರದ ಹುಣಸೆ ಮರದ ನೆರಳಿಗೆ ಹೋಗಿ ಆ ಕಡೆ ಮುಖ ಮಾಡಿ ಕೂತರು.

ಅಮರೇಶ ಎಂಜಿನ್ನಿಗೆ ಕಿವಿ ಇಡಲಿಲ್ಲ. ನಾಜಲ್ ಮುಟ್ಟಲಿಲ್ಲ. ಟ್ಯಾಂಕಿನಿಂದ ಎಂಜಿನ್ನಿಗೆ ಡೀಸೆಲ್ ತರುವ ಪೈಪನ್ನು ಸಡಿಲಿಸಿ ಕೈಪಂಪು ಒತ್ತಿದ. ಒಂದು ಹನಿಯೂ ಬರಲಿಲ್ಲ. ಪೈಪಿಗೆ ಬಾಯಿಟ್ಟು ಜೋರಾಗಿ ಊದಿದ, ಹಿಂದೆ ಟ್ಯಾಂಕಿನಲ್ಲಿ ಗುಳುಗುಳು ಸದ್ದಾಯಿತು. ಈಗ ಅದೇ ಬಾಯಿಂದ ಎಳೆದ, ಬಾಯಿಗೆ ಬಂದದ್ದನ್ನು ಥೂ ಎಂದು ರಸ್ತೆಯ ಬದಿಗೆ ಉಗಿದ.

ಉಗುಳು ಹಳದಿಯಾಗಿತ್ತು.

ಅಮರೇಶ ಅದನ್ನು ನೋಡಿದ. ಓಬಳೇಶಪ್ಪನೂ ನೋಡಿದ. ಅಮರೇಶ ಗಾಡಿಯ ಕೆಳಗೆ ತೂರಿ, ತಂದಿದ್ದ ಕ್ಯಾನಿಗೆ ಡೀಸೆಲ್ ಇಳಿಸಿದ. ಕೊನೆಗೆ ಟ್ಯಾಂಕಿನ ತಳದಿಂದ ಅರಿಶಿನದ ಕೆಸರು ಇಳಿಯಿತು, ಪೈಪಿನ ತುದಿಯಲ್ಲಿ ಡೀಸೆಲ್ ಸೋಸುವ ಜಾಳಿಗೆಯ ಸುತ್ತ ಅದೇ ಕೆಸರು ಗಟ್ಟಿಯಾಗಿ ಮೆತ್ತಿತ್ತು. ಭಾರ ಎಳೆಯುವಾಗ ಎಂಜಿನ್ನು ಡೀಸೆಲ್ ಜಾಸ್ತಿ ಕೇಳುತ್ತದೆ, ಕೆಸರು ಬಂದು ಜಾಳಿಗೆಗೆ ಅಂಟುತ್ತದೆ. ಗಾಡಿ ನಿಂತರೆ ಕೆಸರು ಕಳಚಿ ತಳಕ್ಕೆ ಬೀಳುತ್ತದೆ. ಇಷ್ಟೇ. ಓಬಳೇಶಪ್ಪನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪ್ರತಿ ಸಲ ರಿಪೇರಿ ಮಾಡಿ, ಪ್ರತಿ ಸಲ ತಾನೇ ಕೆಡಿಸಿ ಕಳಿಸಿದ್ದ. ಅದೂ ಇವನ ಮೇಲಿನ ಹಟಕ್ಕೆ, ಹಿಡಿ ಹಿಡಿಯಾಗಿ. ಈಗ ಅಮರೇಶ ಕೂಗುತ್ತಾನೆ, ಶಿವಯೋಗಪ್ಪನವರನ್ನು ಕರೆದು ತೋರಿಸುತ್ತಾನೆ, ಸಂಜೆಯೊಳಗೆ ಕೊಟ್ಟೂರಿಗೆಲ್ಲ ಗೊತ್ತಾಗುತ್ತದೆ ಎಂದು ಕಾದು ನಿಂತ.

ಅಮರೇಶ ಕೂಗಲಿಲ್ಲ. ಜಾಳಿಗೆ ತೊಳೆದ, ಟ್ಯಾಂಕು ಜಾಲಾಡಿಸಿದ, ಆ ಕೆಸರನ್ನು ಬಂಡೆಯ ಹಿಂದೆ ಸುರಿದು ಕಾಲಿನಿಂದ ಮಣ್ಣು ಎಳೆದ. ಡೀಸೆಲನ್ನು ಬಟ್ಟೆಯಲ್ಲಿ ಸೋಸಿ ಮತ್ತೆ ತುಂಬಿದ. ಎಂಜಿನ್ನು ಹತ್ತಿಕೊಂಡಿತು. ಸದ್ದು ಕೇಳಿ ಶಿವಯೋಗಪ್ಪನವರು ಎದ್ದು ಬಂದರು.

"ಏನಾಗಿತ್ತಪ?"

"ತುಕ್ಕುರಿ. ಹಳೇ ಟ್ಯಾಂಕು, ತಳಕ್ಕ ಕೂತಿತ್ತು."

"ಮೇಸ್ತ್ರಿ ಕಣ್ಣಿಗೆ ಇದು ಬೀಳಲಿಲ್ಲಲ್ಲ?"

"ಅವರೇ ಹೇಳಿದ್ರು, ಟ್ಯಾಂಕ್ ಬಿಚ್ಚೋ ಅಂತ. ನಾನು ಬಿಚ್ಚಿದೆ" ಎಂದ ಅಮರೇಶ, ಕೈ ಒರೆಸುತ್ತ. ಉಗುರುಗಳ ಸಂದಿಯಲ್ಲಿ ಹಳದಿ ಇನ್ನೂ ಇತ್ತು.

ಓಬಳೇಶಪ್ಪನಿಗೆ ಆ ಮಾತು ಕಪಾಳಕ್ಕೆ ಹೊಡೆದ ಹಾಗಾಯಿತು. ಹುಡುಕಿದ, ಆ ಮುಖದಲ್ಲಿ ಒಂದು ನಗು, ಒಂದು ಕೊಂಕು ಸಿಕ್ಕೀತೇ ಎಂದು ಹುಡುಕಿದ. ಸಿಗಲಿಲ್ಲ. ಇಷ್ಟು ದಿನ ಇವನ ಸಿಮೆಂಟಿನ ನೆಲಕ್ಕೆ, ಬೋರ್ಡಿಗೆ, ಗಿರಾಕಿಗಳಿಗೆ ಹೊಟ್ಟೆ ಉರಿದುಕೊಂಡಿದ್ದ. ಈಗ ಇವನ ಈ ಸುಳ್ಳಿಗೆ ಉರಿಯಿತು. ಇವನ ಜಾಗದಲ್ಲಿ ತಾನಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿರಲಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಹಂಗಾದ್ರ ತಡ ಯಾಕ? ಭಂಡಾರ ಹಾಕ್ರಿ ಮೇಸ್ತ್ರಿ, ಹೊಂಡೋಣು" ಎಂದರು ಶಿವಯೋಗಪ್ಪನವರು.

ಓಬಳೇಶಪ್ಪನ ಕೈ ರೂಢಿಯ ಮೇಲೆ ಜೇಬಿಗೆ ಹೋಯಿತು, ಕಾಲುಗಳು ಟ್ಯಾಂಕಿನ ಕಡೆ ನಡೆದವು. ಅಷ್ಟರಲ್ಲಿ ಅಮರೇಶ ಟ್ಯಾಂಕಿನ ಮುಚ್ಚಳಕ್ಕೆ ಅಡ್ಡವಾಗಿ, ಸುಮ್ಮನೆ ದಣಿವಾರಿಸಿಕೊಳ್ಳುವವನ ಹಾಗೆ ಒರಗಿ ನಿಂತಿದ್ದ.

"ಬಾನೆಟ್ಟಿಗೆ ಹಚ್ರಿ ಮೇಸ್ತ್ರಿ" ಎಂದ ಮೆಲ್ಲಗೆ. "ಎದುರಿಗೆ ಬರೋರಿಗೂ ಕಾಣಲಿ."

ಓಬಳೇಶಪ್ಪ ಬಾನೆಟ್ಟಿಗೆ ಹಚ್ಚಿದ. "ಏಳು ಕೋಟಿಗೋ" ಎನ್ನಲು ಬಾಯಿ ಬರಲಿಲ್ಲ. ಶಿವಯೋಗಪ್ಪನವರೇ ಅಂದರು.

ಸಂಜೆ ಮನೆಗೆ ಬಂದರೆ ಮಾಳಮ್ಮನ ಮುಖ ಅರಳಿತ್ತು. "ಅಮರೇಶ ಬಂದಿದ್ದ. ಗಾಡಿಗೇನಾಗೇತಿ ಅಂತ ನೀವೇ ಕಂಡುಹಿಡದ್ರಂತ. ನೀವು ಅವನ್ನ ಎಷ್ಟು ಬೈದ್ರೂ ಅವ ನಿಮ್ಮ ಹೆಸರ ಹೇಳ್ತಾನ ನೋಡ್ರಿ" ಎಂದಳು. ಓಬಳೇಶಪ್ಪ ತಾಟಿನ ಮುಂದೆ ಕೂತ. ಸಾರಿನಲ್ಲಿ ಉಪ್ಪು ಸರಿಯಾಗಿತ್ತು. ಅರ್ಧ ರೊಟ್ಟಿಗೆ ಎದ್ದ.

ಪಿಕಪ್ಪು ಮತ್ತೆ ಗುಡೇಕೋಟೆ ಏರಿನಲ್ಲಿ ನಿಲ್ಲಲಿಲ್ಲ. ಶಿವಯೋಗಪ್ಪನವರೂ ಬೇವಿನ ಮರ ಬಿಡಲಿಲ್ಲ. ಒಂದು ದಿನ ಎಂಜಿನ್ ಆಯಿಲ್ ಬದಲಿಸಲು ಬಂದರು. ಕೆಲಸ ಮುಗಿಸಿ ಓಬಳೇಶಪ್ಪ ಟ್ಯಾಂಕಿನ ಹತ್ತಿರ ಹೋಗದೆ ಬಾನೆಟ್ಟಿನ ಮೇಲೆ ಒಂದೇ ಒಂದು ಬೊಟ್ಟು ಇಟ್ಟ. ನೋಡುತ್ತಿದ್ದ ಶಿವಯೋಗಪ್ಪನವರಿಗೆ ಗುರು ಶಿಷ್ಯರು ಒಂದಾದರೆಂದು ಸಂತೋಷವಾಯಿತು.

"ಏನ್ ಮೇಸ್ತ್ರಿ, ನೀವೂ ಅಮರೇಶನ ಪದ್ಧತಿ ಹಿಡದ್ರೇನು?"

ಓಬಳೇಶಪ್ಪ ಪೊಟ್ಟಣ ಮಡಚಿ ಜೇಬಿಗಿಟ್ಟ. ಬೆರಳಿಗೆ ಹತ್ತಿದ್ದ ಅರಿಶಿನವನ್ನು ಪ್ಯಾಂಟಿಗೆ ಒರೆಸಿದ.

"ಹೌದ್ರಿ" ಎಂದ.