ಕ್ಯಾಬಿನ್ನಿನೊಳಗಿನ ಹುಡುಗಿ

ಸಂಡೂರಿನ ಗುಡ್ಡದ ಮೇಲಿನ ಅದಿರಿನ ಗಣಿಯಲ್ಲಿ ಹೊನ್ನೂರುಸ್ವಾಮಿ ಅಗೆದು ತುಂಬುವ ಹಿಟಾಚಿ ಯಂತ್ರ ನಡೆಸುತ್ತಿದ್ದ. ನಲವತ್ತು ದಾಟಿದರೂ ಜಪಾನಿನ ಕಾರ್ಟೂನು ನೋಡುತ್ತಾನೆಂದು ಓಣಿಯವರು ನಗುತ್ತಿದ್ದರು. ಅದಕ್ಕೆ ಅವನೇನೂ ನಾಚಿದವನಲ್ಲ.

ಅವನು ನೋಡುತ್ತಿದ್ದ ಸರಣಿಯ ಹೆಸರು ‘ಒಂಬತ್ತನೇ ಗಣಿ’. ದೂರದ ಕೆಂಪು ಗ್ರಹವೊಂದರಲ್ಲಿ, ಗೋಪುರದಷ್ಟು ಎತ್ತರದ, ಕೈಕಾಲಿರುವ ಯಂತ್ರಗಳೊಳಗೆ ಕೂತು ಜನ ಅದಿರು ಅಗೆಯುವ ಕಥೆ. ಕಥೆ ನಡುವೆ ಭಾಳ ಎಳೆದಾಡುತ್ತಿತ್ತು, ಸತ್ತವರು ಕಾರಣವಿಲ್ಲದೆ ಎದ್ದು ಬರುತ್ತಿದ್ದರು. ಅದು ಅವನಿಗೂ ಗೊತ್ತಿತ್ತು. ಆದರೆ ಬಕೆಟ್ಟು ಕಲ್ಲಿಗೆ ತಾಗಿದಾಗ ಬೆನ್ನಿಗೆ ಹತ್ತುವ ನಡುಕ, ಶಿಫ್ಟ್ ಮುಗಿದ ಮೇಲೂ ಕಿವಿಯಲ್ಲಿ ಉಳಿಯುವ ಇಂಜಿನ್ನಿನ ಸದ್ದು, ಇವನ್ನು ಅಷ್ಟು ಸರಿಯಾಗಿ ತೋರಿಸಿದ್ದನ್ನು ಅವನು ಬೇರೆಲ್ಲೂ ಕಂಡಿರಲಿಲ್ಲ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು, ಬ್ರೇಕ್ ಕೈಕೊಟ್ಟ ಯಂತ್ರವನ್ನು ಇಳಿಜಾರಿನ ಮಣ್ಣುಗುಡ್ಡೆಗೆ ಒರಗಿಸಿ ನಿಲ್ಲಿಸುವ ಕಂತು ಬಂದಾಗಲೆಲ್ಲ ಅವನ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು.

ಗಣಿಯಲ್ಲಿ ಹೆಣ್ಣುಮಕ್ಕಳನ್ನು ಅದಿರು ಸಾಗಿಸುವ ಡಂಪರ್ ನಡೆಸಲು ತೆಗೆದುಕೊಂಡಾಗ ಪೂಜಿತಾ ಬಂದಳು. ಅವಳ ಅಪ್ಪ ದೊಡ್ಡಬಸಪ್ಪ ಹೊನ್ನೂರುಸ್ವಾಮಿಗೆ ಹಳೇ ಪರಿಚಯ. ‘ನಮ್ಮ ಹುಡುಗೀನ ಸ್ವಲ್ಪ ನೋಡ್ಕೊಳ್ಳಪಾ’ ಎಂದು ಹೇಳಿದ್ದ. ಪೂಜಿತಾ ಡಂಪರನ್ನು ಹಿಂದಕ್ಕೆ ತಂದು ಒಂದೇ ಸಲಕ್ಕೆ ಬಕೆಟ್ಟಿನ ಕೆಳಗೆ ನಿಲ್ಲಿಸುವುದನ್ನು ಕಂಡು ಅವನಿಗೆ ಖುಷಿಯಾಯಿತು.

ಒಂದು ದಿನ ಕ್ಯಾಂಟೀನಿನಲ್ಲಿ ಎಲ್ಲರೆದುರಿಗೇ ಅಂದ: “ಪೂಜಿತಾ, ಒಂದು ಸರಣಿ ಐತಿ, ನೋಡವ್ವ. ಅದ್ರಾಗ ಒಬ್ಬಾಕಿ ಅದಾಳ, ಥೇಟ್ ನಿನ್ನಂಗ. ಮನ್ಯಾಗ ಎಲ್ಲಾರೂ ಕೂತು ನೋಡ್ರಿ.”

ಮುಂದಿನ ರಜೆಗೆ ಅವಳು ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದಳು. ರಜೆ ಮುಗಿಸಿ ಬಂದವಳು ಊಟದ ತಟ್ಟೆ ಹಿಡಿದು ಅವನೆದುರು ನಿಂತಳು.

“ಅಣ್ಣಾ, ನಾನು ನಿಮಗ ಹಂಗ ಕಾಣ್ತೀನೇನ್ರಿ?”

“ಹಂಗ ಅಂದ್ರ?”

“ಆಕಿ ಲಿವರ್ ಹಿಡದ್ರ ಕೈ ತೋರ್ಸಂಗಿಲ್ಲ. ಎದಿ ತೋರಿಸ್ತಾರ. ಏಣಿ ಹತ್ತಿದ್ರ ಕೆಳಗಿಂದ ತೋರಿಸ್ತಾರ. ಜಳಕಕ್ಕ ಹೋದ್ರೂ ಬಿಡಂಗಿಲ್ಲ. ಅಪ್ಪ ಎದ್ದು ಹೊರಗ ಹೋಗಿಬಿಟ್ಟ. ‘ಆಕಿ ನಿನ್ನಂಗ ಅಂತ ಹೊನ್ನೂರುಸ್ವಾಮಿ ಅಂದನಾ?’ ಅಂತ ಕೇಳಿದ. ಏನ್ ಹೇಳ್ಲಿ?”

ಪಕ್ಕದ ಮೇಜಿನಲ್ಲಿದ್ದ ಪಂಪೇಶ್ ಕಿಸಕ್ಕೆಂದು ನಕ್ಕ. ಹೊನ್ನೂರುಸ್ವಾಮಿ ತಟ್ಟೆ ಪಕ್ಕಕ್ಕೆ ಸರಿಸಿದ. “ಅದು... ನಾನು ಕೆಲಸದ ಬಗ್ಗೆ ಅಂದಿದ್ದು” ಎಂದ. ಅಷ್ಟರಲ್ಲಿ ಅವಳು ಬೇರೆ ಮೇಜಿಗೆ ಹೋಗಿದ್ದಳು.

ಮನೆಗೆ ಬಂದವನೇ ಟಿವಿ ಹಚ್ಚಿದ. ಬ್ರೇಕಿನ ಕಂತನ್ನೇ ಹಾಕಿದ. ಪೂಜಿತಾ ಹೇಳಿದ್ದೆಲ್ಲ ಅಲ್ಲಿತ್ತು. ಪ್ರಾಣ ಹೋಗುವ ಇಳಿಜಾರಿನಲ್ಲೂ ಕ್ಯಾಮೆರಾ ಆ ಹುಡುಗಿಯ ತೊಡೆಯನ್ನು ಬಿಟ್ಟು ಕದಲಲಿಲ್ಲ. ಎಷ್ಟು ಸಲ ನೋಡಿದ್ದ! ಒಂದು ಸಲವೂ ಕಂಡಿರಲಿಲ್ಲವೆಂದು ತನಗೆ ತಾನೇ ಹೇಳಿಕೊಂಡ.

“ವಿರುಪಮ್ಮ, ಇದು ಹಿಂಗ ಐತಿ ಅಂತ ನೀನ್ಯಾಕ ಒಂದಿನಾನೂ ಹೇಳ್ಲಿಲ್ಲ?” ಎಂದು ಹೆಂಡತಿಯನ್ನು ಕೇಳಿದ.

ಅವಳು ಬಟ್ಟೆ ಮಡಚುತ್ತಲೇ ಅಂದಳು: “ಹೇಳಾದೇನೈತ್ರಿ? ಅಂಥಾದ್ದು ಬಂದ ಹೊತ್ತಿಗೆ ನೀವು ನಗ್ತಿದ್ರಿ.”

ಟಿವಿ ಆರಿಸಿದ. ಕಂಡಿರಲಿಲ್ಲ ಎಂಬ ಮಾತೂ ಸುಳ್ಳಾಗಿತ್ತು. ಕಂಡಿದ್ದ, ನಕ್ಕಿದ್ದ, ಮರೆತಿದ್ದ. ಹೆಂಡತಿಯ ಮುಖ ನೋಡಲಾಗದೆ ಹೊರಗೆ ಬಂದು, ಕೆಂಪು ದೂಳು ಕೂತ ಬೈಕನ್ನು ಸುಮ್ಮನೆ ಒರೆಸುತ್ತ ಕೂತ.

ಮರುದಿನ ಪೂಜಿತಾ ಡಂಪರಿನಿಂದ ಇಳಿಯುವುದನ್ನು ಕಾದು ನಿಂತ. “ತಪ್ಪಾತವ್ವ. ಮಷೀನಿಂದು ಮಾತ್ರ ನೋಡ್ಬೇಕಂದ್ರ, ಯಾವ್ಯಾವ ಸೀನ್ ದಾಟಿಸ್ಬೇಕು ಅಂತ ನಾನ ಹೇಳ್ತೀನಿ.”

“ನಾನ್ಯಾಕಣ್ಣ ದಾಟಿಸ್ಲಿ? ನೀವ್ ನೋಡುವಾಗ ದಾಟಿಸಿದ್ರೇನು?”

ಹೆಲ್ಮೆಟ್ ತೆಗೆದು ಕೂದಲು ಕೊಡವಿಕೊಳ್ಳುತ್ತ ಅವಳೇ ಮುಂದುವರಿಸಿದಳು: “ಆ ಬ್ರೇಕಿನ ಭಾಗ ಮಸ್ತ್ ಐತ್ರಿ, ಸುಳ್ಳಲ್ಲ. ಗೇರ್ ಇಳಿಸಿ, ಗುಡ್ಡಿಗೆ ಹೆಂಗ ಒರಗಿಸ್ತಾಳ! ಅದನ್ನ ಅಷ್ಟು ತಿಳಿದು ಮಾಡಿದೋರಿಗೆ ಹೆಣ್ಣಮಗಳನ್ನ ಹೆಂಗ ತೋರಿಸ್ಬೇಕು ತಿಳಿಯಂಗಿಲ್ಲ ಅಂದ್ರ ನನಗ ಇನ್ನೂ ಸಿಟ್ಟು ಬರ್ತೈತಿ.” ಅಷ್ಟು ಹೇಳಿ ಬಸ್ಸಿನ ಕಡೆ ನಡೆದಳು.

ಕೆಲಸ ನಡೆದೇ ಇತ್ತು. ಅವನು ತುಂಬುತ್ತಿದ್ದ, ಅವಳು ಒಯ್ಯುತ್ತಿದ್ದಳು. ಕೆಲಸಕ್ಕೆ ಬೇಕಾದಷ್ಟೇ ಮಾತು. ಆ ಸರಣಿಯನ್ನು ನೋಡು ಎಂದು ಅವನು ಮತ್ತೆ ಯಾರಿಗೂ ಹೇಳಲಿಲ್ಲ. ತಾನು ನೋಡುವುದನ್ನೂ ಬಿಟ್ಟ. ಆದರೂ ಅದರ ಮೇಲಿನ ಆಸೆ ಪೂರ್ತಿ ಹೋಗಿರಲಿಲ್ಲ. ಅದು ಹೋಗದ್ದಕ್ಕೇ ಅವನಿಗೆ ಇನ್ನಷ್ಟು ನಾಚಿಕೆ.

ಒಂದು ಭಾನುವಾರ ಸಂತೆಯಲ್ಲಿ ದೊಡ್ಡಬಸಪ್ಪ ಎದುರಾದ. ಹೊನ್ನೂರುಸ್ವಾಮಿ ಕೈಯೆತ್ತುವಷ್ಟರಲ್ಲಿ ಅವನು ಬಗ್ಗಿ ಬದನೆಕಾಯಿ ಆರಿಸತೊಡಗಿದ. ಆರಿಸಿದ್ದನ್ನೇ ಮತ್ತೆ ಆರಿಸಿದ. ಹೊನ್ನೂರುಸ್ವಾಮಿ ಚೀಲ ಹಿಡಿದುಕೊಂಡು ಬೇರೆ ಸಾಲಿಗೆ ತಿರುಗಿದ.