ಪಕ್ಕದ ಮನೆಯ ವಿಂಗರ್‌ಗೆ ವರ್ಗವಾದ ದಿನ

ಒಳ್ಳೆಯ ಸುದ್ದಿ ಕೇಳಿದರೆ ನನ್ನ ಕೈ ಸುಮ್ಮನಿರುವುದಿಲ್ಲ, ರವೆ ಡಬ್ಬ ಹುಡುಕುತ್ತದೆ. ಆ ಚಟದಿಂದ ನಾನು ಮಾಡಿಕೊಂಡ ಅನಾಹುತಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಎಂಬತ್ತರ ದಶಕದ ಆರಂಭ. ಅಮೆರಿಕದ ಪಶ್ಚಿಮ ತೀರದ ಸಾಂಟಾ ಕ್ಲಾರಾದಲ್ಲಿ, ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಬಾಗಿಲು ಒಬ್ಬ ಬೆಲ್ಜಿಯಂ ಫುಟ್‌ಬಾಲ್ ಆಟಗಾರನದು. ಮೈದಾನದ ಎಡಗೆರೆಯ ಪಕ್ಕದಲ್ಲೇ ಓಡಿ ಚೆಂಡನ್ನು ಗೋಲಿನ ಮುಂದಕ್ಕೆ ಕಳಿಸುವ ವಿಂಗರ್. ಹದಿನೇಳಕ್ಕೆ ತನ್ನೂರಿನ ಕ್ಲಬ್ಬು ಸೇರಿ, ಹನ್ನೆರಡು ವರ್ಷ ಅಲ್ಲೇ ಆಡಿ, ಕಾಲಿನ ವೇಗ ಸ್ವಲ್ಪ ತಗ್ಗಿದ ಮೇಲೆ ಇಲ್ಲಿಗೆ ಬಂದಿದ್ದ. ಇಲ್ಲೇ ಆಟ ಮುಗಿಸಿ, ಮಕ್ಕಳಿಗೆ ಕಲಿಸುತ್ತ ಇದ್ದುಬಿಡುವ ಆಸೆ. ಹೆಂಡತಿಗೆ ತುಂಬಿದ ಒಂಬತ್ತು ತಿಂಗಳು, ಊರಿನಿಂದ ಬರುವವರು ಯಾರೂ ಇರಲಿಲ್ಲ. ಹೆರಿಗೆಯ ಹೊತ್ತಿಗೆ ತಾನೇ ಪಕ್ಕದಲ್ಲಿರಬೇಕೆಂದು ಆತ ಆಸ್ಪತ್ರೆಯ ಕ್ಲಾಸಿಗೆ ಹೋಗಿ, ಉಸಿರಾಟದ ಪಾಠ ಕಲಿತು ಬಂದು, ನಮ್ಮ ಮುಂದೆ ಉಸ್ಸುಉಸ್ಸೆಂದು ಊದಿ ತೋರಿಸುತ್ತಿದ್ದ.

ಒಂದು ಶನಿವಾರ ಬೆಳಿಗ್ಗೆ ನನ್ನ ಗಂಡ ಪೇಪರಿನಿಂದ ತಲೆಯೆತ್ತಿ, "ನೋಡೇ, ನಮ್ಮ ಬೆಲ್ಜಿಯಂನವನಿಗೆ ಬೇರೆ ಟೀಮಂತೆ. ಈಸ್ಟ್ ಕೋಸ್ಟಲ್ಲಿ, ದೇಶದ ಆ ತುದೀಲಿ" ಎಂದರು.

ನನ್ನ ಅಪ್ಪ ಸರ್ಕಾರಿ ನೌಕರರು. ವರ್ಗದ ಆರ್ಡರು ಮೊದಲು ಅವರ ಕೈಗೆ ಬರುತ್ತಿತ್ತು, ಆಮೇಲೆ ಊರಿಗೆ ಗೊತ್ತಾಗುತ್ತಿತ್ತು. ಪೇಪರಿನಲ್ಲೇ ಬಂದಿದೆ ಎಂದಮೇಲೆ ಈತ ಒಪ್ಪಿರಲೇಬೇಕು, ಬಡ್ತಿಯೂ ಇದ್ದೀತು ಎಂದುಕೊಂಡೆ. ಸುದ್ದಿಯನ್ನು ಪೂರ್ತಿ ಓದುವ ವ್ಯವಧಾನ ನನಗೆಲ್ಲಿ? ದ್ರಾಕ್ಷಿ, ಗೋಡಂಬಿ ಧಾರಾಳವಾಗಿ ಹಾಕಿ ಕೇಸರಿಬಾತು ಮಾಡಿ, ಡಬ್ಬಿಗೆ ತುಂಬಿ, ಪೇಪರನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಿ ಬಾಗಿಲು ತಟ್ಟಿದೆ.

"ಕಂಗ್ರಾಜುಲೇಷನ್ಸ್!"

"ಮಗು ಇನ್ನೂ ಹುಟ್ಟಿಲ್ಲವಲ್ಲ" ಎಂದು ಆತ ನಕ್ಕ.

"ಮಗುವಿಗಲ್ಲ, ಹೊಸ ಟೀಮಿಗೆ."

ಆತನ ಮುಖ ಬಿಳುಚಿಕೊಂಡಿತು. ಇಂಗ್ಲಿಷ್ ಮಾತು ತಿಳಿಯುತ್ತಿತ್ತು, ಓದುವುದು ಕಷ್ಟ. "ಓದಿ" ಎಂದ. ಬಾಗಿಲಲ್ಲೇ ನಿಂತು ಓದಿದೆ. ಇಲ್ಲಿನ ತಂಡ ಆತನನ್ನು ಇನ್ನೊಂದು ತಂಡಕ್ಕೆ ಕೊಟ್ಟುಬಿಟ್ಟಿದೆ, ಸೋಮವಾರ ಅಲ್ಲಿ ಹಾಜರಾಗಬೇಕು. ಆತನಿಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ಹೇಳಿದವಳು ನಾನು, ಸಿಹಿ ಹಿಡಿದುಕೊಂಡು.

"ನನ್ನ ಬದಲಿಗೆ ಯಾರು ಬರ್ತಾರೆ?" ಎಂದು ಕೇಳಿದ.

ಸುದ್ದಿಯ ಕೊನೆಯ ಸಾಲನ್ನು ನುಂಗಿಬಿಡೋಣ ಅನ್ನಿಸಿತು. ಆದರೆ ಆತ ಕಾಯುತ್ತಿದ್ದ.

"ಯಾರೂ ಇಲ್ಲ. ಮುಂದಿನ ವರ್ಷ ಕಾಲೇಜು ಹುಡುಗರಲ್ಲಿ ಒಬ್ಬನನ್ನ ಆರಿಸಿಕೊಳ್ಳೋ ಹಕ್ಕು, ಅಷ್ಟೇ."

ನಾನು ದಂಗಾಗಿ ಹೋದೆ. ಹಳೇ ಸೀರೆ ಕೊಟ್ಟು ಪಾತ್ರೆ ತೆಗೆದುಕೊಳ್ಳುವಾಗಲೂ ಪಾತ್ರೆಯನ್ನು ತಟ್ಟಿ ನೋಡುತ್ತೇವೆ. ಇವರು ಬದುಕಿರುವ ಮನುಷ್ಯನನ್ನು ಕೊಟ್ಟು, ಯಾರೆಂದೇ ಗೊತ್ತಿಲ್ಲದ ಒಬ್ಬನನ್ನು ತೆಗೆದುಕೊಂಡಿದ್ದರು. ಆತನ ಹೆಂಡತಿ ಸೋಫಾದ ಮೇಲೆ ಕುಳಿತು ಹೊಟ್ಟೆ ಸವರಿಕೊಳ್ಳುತ್ತಿದ್ದಳು. ಡಬ್ಬಿಯನ್ನು ಎಲ್ಲಿಡಬೇಕೆಂದು ತಿಳಿಯದೆ ವಾಪಸು ತಂದುಬಿಟ್ಟೆ.

ಮನೆಗೆ ಬಂದು ಗಂಡನ ಮೇಲೆ ಹರಿಹಾಯ್ದೆ. "ಹೋಗಲ್ಲ ಅಂತ ಹೇಳಕ್ಕಾಗಲ್ವಾ ಅವನಿಗೆ?"

"ಹೇಳಬಹುದು. ವೀಸಾ ಟೀಮಿಂದು ಕಣೇ, ಬಿಟ್ಟರೆ ದೇಶ ಬಿಡಬೇಕು" ಎಂದರು. ಆಮೇಲೆ, "ನಮ್ದೂ ಹಂಗೇ ಅಲ್ವಾ, ಕಂಪನೀದು" ಎಂದರು.

ನಾಲ್ಕು ವರ್ಷದಿಂದ ಈ ದೇಶದಲ್ಲಿ ಹಾಯಾಗಿದ್ದ ನನಗೆ ನಾವೂ ಹೀಗೇ ಹೊರಡಬೇಕಾದೀತೆಂದು ಅಂದು ಮೊದಲ ಸಲ ಹೊಳೆಯಿತು. ಅಡಿಗೆಮನೆಯ ಹೊಸ ಪರದೆಗಳನ್ನು ನೋಡುತ್ತ ನಿಂತೆ. ಕೋಪವೋ ಭಯವೋ ನನಗೇ ಗೊತ್ತಾಗಲಿಲ್ಲ.

ಭಾನುವಾರ ಆತ ಹೊರಟ. ಟ್ಯಾಕ್ಸಿ ಕಾಯುತ್ತಿದ್ದಾಗ ನಮ್ಮ ಬಾಗಿಲಿಗೆ ಬಂದು, "ಹೆರಿಗೆ ಟೈಮಲ್ಲಿ ನನ್ನ ಬದಲು ನೀವು ಇರ್ತೀರಾ?" ಎಂದು ಕೇಳಿದ. ತಲೆಯಾಡಿಸಿದೆ.

ನಾಲ್ಕನೇ ದಿನ ಆಕೆಗೆ ನೋವು ಬಂತು. ಆಸ್ಪತ್ರೆಯಲ್ಲಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ನನ್ನ ಬೆರಳುಗಳು ಮುರಿಯುವ ಹಾಗೆ ಹಿಡಿದಿದ್ದಳು. ನೋವು ಏರಿದಾಗ ಗಂಡನ ಹೆಸರು ಹಿಡಿದು ಕೂಗಿದಳು. ಮತ್ತೆ ಕೂಗಿದಳು. ಮೂರನೆಯ ಸಲ ನಾನು, ಕನ್ನಡದಲ್ಲೇ, "ಇದೀನಿ, ಇಲ್ಲೇ ಇದೀನಿ" ಎಂದೆ.