ನೂರ ಇಪ್ಪತ್ತಾರಕ್ಕೆ ನಿಂತ ಮುಳ್ಳು

ತಕ್ಕಡಿ ರಿಪೇರಿಯ ಯಜಮಾನರು ಕ್ಲಿನಿಕ್ಕಿಗೆ ಮೊದಲು ಬಂದದ್ದು ರೋಗಿಯಾಗಿ ಅಲ್ಲ. ಮಕ್ಕಳನ್ನು ತೂಗುವ ತಕ್ಕಡಿ ಕಾಲು ಕಿಲೋ ಹೆಚ್ಚು ತೋರಿಸುತ್ತಿತ್ತು, ಅದರ ರಿಪೇರಿಗೆ. ಚಪ್ಪಲಿ ಹೊರಗೆ ಬಿಟ್ಟು ಬಂದು, ಬೆಂಚಿನ ಮೇಲೆ ಹಳೇ ಪತ್ರಿಕೆ ಹಾಸಿ, ಬಿಚ್ಚಿದ ಸ್ಕ್ರೂಗಳನ್ನು ಒಂದೊಂದಾಗಿ ಸಾಲು ಜೋಡಿಸಿದ್ದು ನರ್ಸಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕೆಲಸ ಮುಗಿದ ಮೇಲೆ ಅವರ ಕಣ್ಣು ಮೇಜಿನ ಮೇಲಿದ್ದ ಬಿ.ಪಿ. ಉಪಕರಣದ ಮೇಲೆ ಬಿತ್ತು.

“ಇದಕ್ಕೂ ಮುಳ್ಳಿದೆಯಲ್ಲಮ್ಮಾ, ಸರಿಯಾಗಿ ತೋರಿಸುತ್ತಾ?”

“ಕೈ ಕೊಡಿ, ನೋಡೇಬಿಡೋಣ.”

ನೂರ ಎಪ್ಪತ್ತೆಂಟು.

“ನಿಮ್ಮ ಮುಳ್ಳೇ ಕೆಟ್ಟಿದೆ. ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ!”

ನರ್ಸ್ ಅದೇ ಪಟ್ಟಿಯನ್ನು ತನ್ನ ತೋಳಿಗೆ ಸುತ್ತಿ ತೋರಿಸಿದಳು. ನೂರ ಹದಿನಾರು. ಯಜಮಾನರ ನಗು ಅಲ್ಲೇ ಇಂಗಿತು. ಮತ್ತೆರಡು ಸಲ ನೋಡಿದರೂ ಇಳಿಯದಿದ್ದಾಗ ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು.

ಯಜಮಾನರು ಹಿಡಿದ ಕೆಲಸ ಬಿಡುವ ಆಸಾಮಿಯಲ್ಲ. ಉಪ್ಪು ಕಡಿಮೆ ಮಾಡಿದರು, ಸಿಗರೇಟು ಬಿಟ್ಟರು, ಸ್ಕೂಟರನ್ನು ಮನೆಯಲ್ಲೇ ನಿಲ್ಲಿಸಿ ಗಿರಾಕಿಗಳ ಅಂಗಡಿಗೆಲ್ಲ ನಡೆದೇ ಹೋದರು. ಮೂರನೇ ತಿಂಗಳು ಮುಳ್ಳು ನೂರ ಇಪ್ಪತ್ತಾರಕ್ಕೆ ನಿಂತಿತು. ಅಂದು ರೋಗಿಗಳ ಸಾಲು ಬಾಗಿಲು ದಾಟಿತ್ತು. “ಸರಿಹೋಯ್ತು ನೋಡಿ ಯಜಮಾನ್ರೇ!” ಎಂದವಳೇ ನರ್ಸ್ ಮುಂದಿನವರನ್ನು ಕರೆದಳು. ಮಾತ್ರೆ ನಿಲ್ಲಿಸಬೇಡಿ ಎಂಬ ಒಂದು ಮಾತು ಬಾಯಿಂದ ಹೊರಡಲಿಲ್ಲ.

ಅವರ ಕಸುಬಿನಲ್ಲಿ ಸರಿಹೋದ ತಕ್ಕಡಿಗೆ ಸೀಸದ ಮುದ್ರೆ ಬೀಳುತ್ತದೆ. ಆಮೇಲೆ ಅದಕ್ಕೆ ಕೈ ಹಾಕುವಂತಿಲ್ಲ. ಯಜಮಾನರು ತಮ್ಮ ದೇಹಕ್ಕೂ ಹಾಗೇ ಮುದ್ರೆ ಒತ್ತಿಕೊಂಡು, ಉಳಿದ ಮಾತ್ರೆಗಳನ್ನು ಸ್ಕ್ರೂ ಡಬ್ಬಿಗೆ ಹಾಕಿ ಮರೆತರು. ನಡಿಗೆ ಬಿಡಲಿಲ್ಲ, ಆದರೆ ಕ್ಲಿನಿಕ್ಕಿನ ಕಡೆ ತಲೆ ಹಾಕಲಿಲ್ಲ. ಯಾಕೆ ಬರಲಿಲ್ಲವೆಂದು ವಿಚಾರಿಸಲು ನರ್ಸಿಗೂ ನೆನಪಾಗಲಿಲ್ಲ.

ಏಳು ತಿಂಗಳ ಮೇಲೆ ಮಗಳು ಅಪ್ಪನನ್ನು ತೋಳು ಹಿಡಿದು ಕರೆತಂದಳು. ಲಕ್ವ ಹೊಡೆದು ಮೂರು ವಾರ ದೊಡ್ಡಾಸ್ಪತ್ರೆಯಲ್ಲಿದ್ದರಂತೆ. ಬಲಗೈ ಜೋತುಬಿದ್ದಿತ್ತು.

“ಮಾತ್ರೆ ಯಾಕೆ ಬಿಟ್ರಿ ಯಜಮಾನ್ರೇ?”

“ನೀವೇ ಅಂದ್ರಲ್ಲಮ್ಮಾ, ಸರಿಹೋಯ್ತು ಅಂತ. ರಿಪೇರಿ ಆದದ್ದನ್ನ ಯಾರಾದ್ರೂ ಮತ್ತೆ ಬಿಚ್ತಾರಾ?”

ದನಿಯಲ್ಲಿ ದೂರಿರಲಿಲ್ಲ. ಅದೇ ನರ್ಸನ್ನು ಹೆಚ್ಚು ಚುಚ್ಚಿತು.

“ಸುಮ್ನಿರಪ್ಪಾ, ಸಿಸ್ಟರ್ ಏನು ಮಾಡ್ತಾರೆ,” ಎಂದಳು ಮಗಳು.

“ಇಲ್ಲಮ್ಮಾ,” ಎಂದಳು ನರ್ಸ್, “ನಾನು ಇನ್ನೊಂದು ಮಾತು ಹೇಳ್ಬೇಕಿತ್ತು. ಮುಳ್ಳನ್ನ ಇಳಿಸಿ ಹಿಡಿದಿದ್ದು ಆ ಮಾತ್ರೆ ಅಂತ.”

ಯಜಮಾನರು ಈಗ ಬೆಳಗ್ಗೆ ಮಾತ್ರೆ ನುಂಗಿ ಮಗಳ ಜೊತೆ ಗಿರಾಕಿಗಳ ಅಂಗಡಿಗೆ ಹೋಗುತ್ತಾರೆ. ತಕ್ಕಡಿ ಬಿಚ್ಚುವುದು ಮಗಳು. ಅವರು ಎಡಗೈಯಿಂದ ಸ್ಕ್ರೂಗಳನ್ನು ಪತ್ರಿಕೆಯ ಮೇಲೆ ಸಾಲಾಗಿ ಜೋಡಿಸಿಕೊಡುತ್ತಾರೆ.